ಬ್ಯಾಂಡಿಗೆ ಮ್ಯಾನೇಜರ್ ಆಗಬೇಕು, ಎಲ್ಲಿಂದ ಶುರು ಮಾಡಲಿ?

ಹಾಡುವವರ, ನುಡಿಸುವವರ ಡೇಟು, ದುಡ್ಡು, ಒಪ್ಪಂದ ನೋಡಿಕೊಳ್ಳುವ ಕೆಲಸದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿವು. ಬೆಂಗಳೂರಿನಲ್ಲಿ ಹದಿನೈದು ವರ್ಷದಿಂದ ಈ ಕೆಲಸದಲ್ಲಿರುವ ಮ್ಯಾನೇಜರ್ ಒಬ್ಬರು ಉತ್ತರಿಸಿದ್ದಾರೆ.

ಪ್ರಶ್ನೆ: ಮೇಡಂ, ನನಗೆ 26 ವರ್ಷ. ಬಿ.ಕಾಂ ಮುಗಿಸಿ ಬೆಂಗಳೂರಿನ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೇನೆ. ನಮ್ಮೂರಿನ ನಾಲ್ವರು ಗೆಳೆಯರು ಸೇರಿ ಒಂದು ಕನ್ನಡ ಬ್ಯಾಂಡ್ ಕಟ್ಟಿದ್ದಾರೆ. ಕಾರ್ಯಕ್ರಮಕ್ಕೆ ಯಾರಾದರೂ ಫೋನ್ ಮಾಡಿದರೆ "ಇವನ ಹತ್ರ ಮಾತಾಡಿ" ಅಂತ ನನ್ನ ಕೈಗೆ ಕೊಡುತ್ತಾರೆ. ಇದನ್ನೇ ಕೆಲಸ ಮಾಡಿಕೊಳ್ಳುವ ಆಸೆ. ನನಗೆ ಸಂಗೀತ ಬರುವುದಿಲ್ಲ. ಯಾವುದಾದರೂ ಕೋರ್ಸ್ ಮಾಡಬೇಕಾ? (ಹಾಸನದಿಂದ)

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಖುಷಿ ಕೊಟ್ಟ ಮಾತು ಬಿ.ಕಾಂ. ಸಂಗೀತ ಬರಲ್ಲ ಅನ್ನುವುದನ್ನು ಮರೆತುಬಿಡಿ. ಹಾಡಲು ಅವರು ನಾಲ್ವರಿದ್ದಾರೆ. ಲೆಕ್ಕ ಬರೆಯುವವರು ಆ ಗುಂಪಿನಲ್ಲಿ ಒಬ್ಬರೂ ಇರುವುದಿಲ್ಲ, ನನ್ನ ಮಾತು ನಂಬಿ.

ಇಂಗ್ಲೆಂಡಿನ ಪ್ರಸಿದ್ಧ ಬೀಟಲ್ಸ್ ಬ್ಯಾಂಡಿನ ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೀನ್ ಲಿವರ್‌ಪೂಲ್‌ನಲ್ಲಿ ಮನೆತನದ ರೆಕಾರ್ಡ್ ಅಂಗಡಿ ನೋಡಿಕೊಳ್ಳುತ್ತಿದ್ದವರು. 1961ರ ನವೆಂಬರ್‌ನಲ್ಲಿ ಅಂಗಡಿಗೆ ಹತ್ತಿರದ ಒಂದು ನೆಲಮಾಳಿಗೆ ಕ್ಲಬ್ಬಿನಲ್ಲಿ ಆ ಹುಡುಗರ ಹಾಡು ಕೇಳಿದರು. ಮ್ಯಾನೇಜರ್ ಕೆಲಸದ ಗಂಧಗಾಳಿ ಇರಲಿಲ್ಲ. ಆದರೆ ಯಾವ ರೆಕಾರ್ಡ್ ಎಷ್ಟು ಹೋಗುತ್ತೆ, ಕಂಪನಿಯವರ ಜೊತೆ ಹೇಗೆ ಮಾತಾಡಬೇಕು ಅನ್ನುವುದು ಗೊತ್ತಿತ್ತು. ಹುಡುಗರಿಗೆ ಸೂಟ್ ಹಾಕಿಸಿದರು, ವೇದಿಕೆ ಮೇಲೆ ತಿನ್ನುವುದು ಬಿಡಿಸಿದರು, ಒಂದು ಕಂಪನಿ ಬೇಡ ಅಂದರೆ ಇನ್ನೊಂದರ ಬಾಗಿಲು ತಟ್ಟಿದರು. ಕಲಿಯುವಾಗ ಎಡವಿದ್ದೂ ಉಂಟು. ಬೀಟಲ್ಸ್ ಹೆಸರಿನ ಗೊಂಬೆ, ವಿಗ್ ಮಾರುವ ಹಕ್ಕನ್ನು ಬೇರೆಯವರಿಗೆ ಕೊಟ್ಟಾಗ ಬಂದ ದುಡ್ಡಿನಲ್ಲಿ ಶೇಕಡ 90 ಹಕ್ಕು ಪಡೆದವರಿಗೇ ಹೋಗುವಂತೆ ಒಪ್ಪಂದವಾಗಿಬಿಟ್ಟಿತ್ತು!

ಕೋರ್ಸುಗಳಿವೆ. ಪುರುಸೊತ್ತು, ದುಡ್ಡು ಎರಡೂ ಇದ್ದರೆ ಮಾಡಿ. ಆದರೆ ಕೆಲಸ ಬಿಟ್ಟು ಮಾಡಬೇಡಿ. ಈ ಗಣೇಶ ಹಬ್ಬದಿಂದ ನವೆಂಬರ್ ರಾಜ್ಯೋತ್ಸವದ ಕೊನೆಯ ಕಾರ್ಯಕ್ರಮದವರೆಗೆ ನಿಮ್ಮ ಗೆಳೆಯರ ಜೊತೆ ವ್ಯಾನ್ ಹತ್ತಿ. ನಮ್ಮಲ್ಲಿ ಸೀಸನ್ ಅಂದರೆ ಅದೇ. ಆಮೇಲೆ ಕಾಲೇಜು ಫೆಸ್ಟು, ಜಾತ್ರೆ ಬರುತ್ತವೆ. ಪರೀಕ್ಷೆ ಸಮಯದಲ್ಲಿ, ಆಷಾಢದಲ್ಲಿ ಫೋನ್ ತಣ್ಣಗಿರುತ್ತೆ.

ನಾನು ಕಲಿತದ್ದು ಹೇಗೆ ಅಂತ ಹೇಳುತ್ತೇನೆ. ಮಲೆನಾಡಿನ ಒಂದು ಊರಿನಲ್ಲಿ ಗಣೇಶೋತ್ಸವ. ಸಂಜೆ 7ಕ್ಕೆ ವೇದಿಕೆ ಅಂದಿದ್ದರು. ನಾವು 4ಕ್ಕೇ ಹೋಗಿ ಮೈಕ್ ಚೆಕ್ ಮುಗಿಸಿ ಕೂತೆವು. 7ಕ್ಕೆ ಸ್ವಾಗತ ಭಾಷಣ. ಆಮೇಲೆ ಸನ್ಮಾನ. ಶಾಲು, ಪೇಟ, ಹಣ್ಣಿನ ಬುಟ್ಟಿ, ಫೋಟೋ. ಯಾರೋ ನನ್ನನ್ನೇ ಗಾಯಕಿ ಅಂದುಕೊಂಡು ನನಗೂ ಒಂದು ಹಾರ ಹಾಕಿದರು. ಸನ್ಮಾನಿತರೆಲ್ಲ "ಎರಡೇ ಮಾತು" ಅಂತ ಮೈಕ್ ಹಿಡಿದರು. ನಮಗೆ ವೇದಿಕೆ ಸಿಕ್ಕಾಗ 9.20. ಸರಿಯಾಗಿ 10ಕ್ಕೆ ಪೊಲೀಸರು ಬಂದು ಸೌಂಡ್ ನಿಲ್ಲಿಸಿದರು. ಅವರದ್ದೇನೂ ತಪ್ಪಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ ಅಂತ 2000ನೇ ಇಸವಿಯ ನಿಯಮವೇ ಇದೆ. ವರ್ಷಕ್ಕೆ 15 ದಿನ ಮೀರದಂತೆ ಹಬ್ಬಕ್ಕೆಂದು ಸರ್ಕಾರ 12ರವರೆಗೆ ಬಿಡಬಹುದು, ಆ ದಿನ ಬಿಟ್ಟಿರಲಿಲ್ಲ. ಕೊನೆಗೆ ಖಜಾಂಚಿ ಕೈಲಿ ಕವರ್ ಹಿಡಿದು ಬಂದು, "ಮೇಡಂ, ನಲವತ್ತೇ ನಿಮಿಷ ಹಾಡಿದ್ರಲ್ವಾ, ಅರ್ಧ ಪೇಮೆಂಟ್ ತಗೊಳ್ಳಿ" ಅಂದರು.

ನನ್ನ ಬಳಿ ಇದ್ದದ್ದು ಒಂದು ವಾಟ್ಸಾಪ್ ಮೆಸೇಜು. ಅದರಲ್ಲಿ ತಾರೀಖು, ಊರು, ಮೊತ್ತ ಬಿಟ್ಟರೆ ಏನೂ ಇರಲಿಲ್ಲ. ಬಾಯಿ ಮುಚ್ಚಿಕೊಂಡು ಅರ್ಧ ದುಡ್ಡು ತಂದೆ. ಅವತ್ತಿನಿಂದ ಅರ್ಧ ಅಡ್ವಾನ್ಸ್ ಬ್ಯಾಂಕಿಗೆ ಬರದೆ ಡೇಟ್ ಖಾಯಂ ಮಾಡುವುದಿಲ್ಲ. ಬಾಕಿ ದುಡ್ಡು ವೇದಿಕೆ ಹತ್ತುವ ಮೊದಲು. ಮತ್ತೆ, ಒಪ್ಪಂದದಲ್ಲಿ ಒಂದು ಸಾಲು: "ಸಂಘಟಕರಿಂದ ತಡವಾದರೆ ಹಾಡುವ ಹೊತ್ತು ಕಡಿಮೆಯಾದರೂ ಪೂರ್ತಿ ಸಂಭಾವನೆ ಕೊಡತಕ್ಕದ್ದು." ಈ ಸಾಲು ಓದಿದ ಸಮಿತಿಯವರು ಭಾಷಣದ ಪಟ್ಟಿಯನ್ನು ತಾವೇ ಚಿಕ್ಕದು ಮಾಡುತ್ತಾರೆ, ನೋಡಿದ್ದೇನೆ.

ಹಾಗಾಗಿ ನಿಮ್ಮ ಮೊದಲ ಆರು ತಿಂಗಳ ಪಾಠ ಇಷ್ಟೇ. ಪ್ರತಿ ಕಾರ್ಯಕ್ರಮ ಮುಗಿದ ಮರುದಿನ ಒಂದು ಪುಟದ ಲೆಕ್ಕ ಬರೆದು ಬ್ಯಾಂಡಿನ ನಾಲ್ವರಿಗೂ ಕಳಿಸಿ. ಬಂದದ್ದೆಷ್ಟು, ಟೆಂಪೋ ಟ್ರಾವೆಲರ್‌ಗೆ ಎಷ್ಟು, ಊಟ, ಲಾಡ್ಜು, ಹೊರಗಿನಿಂದ ಕರೆದ ತಬಲಾದವರಿಗೆ ಎಷ್ಟು, ಉಳಿದದ್ದು ಎಷ್ಟು. ಅದರ ಕೆಳಗೆ ಎರಡು ಸಾಲು: ಏನು ಕೆಟ್ಟಿತು, ಮುಂದಿನ ಸಲ ಏನು ಬರೆಸಿಕೊಳ್ಳಬೇಕು. ಕೀಬೋರ್ಡ್‌ಗೆ ಎಕ್ಸ್‌ಟೆನ್ಷನ್ ಬಾಕ್ಸ್ ಇರಲಿಲ್ಲ ಅನ್ನುವಂಥದ್ದನ್ನೂ ಬರೆಯಿರಿ. ಈ ಎರಡು ಸಾಲುಗಳೇ ಒಂದು ವರ್ಷದಲ್ಲಿ ನಿಮ್ಮ ಒಪ್ಪಂದದ ಕರಡು ಆಗುತ್ತವೆ. ಇಂಟರ್ನೆಟ್‌ನಿಂದ ಇಳಿಸಿಕೊಂಡ ಇಪ್ಪತ್ತು ಪುಟದ ಕಾಂಟ್ರಾಕ್ಟ್‌ನಲ್ಲಿ ಹಣ್ಣಿನ ಬುಟ್ಟಿಯ ಸುದ್ದಿ ಇರುವುದಿಲ್ಲ.

ಪ್ರಶ್ನೆ: ನಾವು ನಾಲ್ವರ ಬ್ಯಾಂಡಿನವರು. ಮ್ಯಾನೇಜರ್ ಶೇಕಡ 20 ಕೇಳುತ್ತಿದ್ದಾರೆ. ಜಾಸ್ತಿ ಅಲ್ವಾ? (ಹುಬ್ಬಳ್ಳಿಯಿಂದ)

ಉತ್ತರ: 15ರಿಂದ 20 ಅನ್ನುವುದು ಎಲ್ಲ ಕಡೆ ನಡೆಯುವ ದರ. ಎಪ್‌ಸ್ಟೀನ್ 25ರವರೆಗೂ ತೆಗೆದುಕೊಂಡವರು. ನೀವು ಕೇಳಬೇಕಾದ್ದು ಯಾವುದರ ಮೇಲೆ 20 ಅಂತ.

ಒಂದು ಕಾರ್ಯಕ್ರಮಕ್ಕೆ 80,000 ಬಂತು ಅನ್ನಿ. ವ್ಯಾನು, ಊಟ, ಲಾಡ್ಜು, ಸೌಂಡ್ ಇಂಜಿನಿಯರ್, ಹೊರಗಿನ ಕಲಾವಿದರು ಸೇರಿ ಖರ್ಚು 35,000. ಉಳಿದದ್ದು 45,000. ಒಟ್ಟು ಬಂದದ್ದರ ಮೇಲೆ 20 ಅಂದರೆ ಮ್ಯಾನೇಜರ್‌ಗೆ 16,000. ನಿಮ್ಮ ನಾಲ್ವರಿಗೆ ಉಳಿಯುವುದು 29,000, ತಲಾ 7,250. ಬೆವರು ಹರಿಸಿ ಹಾಡಿದವರಿಗಿಂತ ಫೋನ್ ಮಾಡಿದವರಿಗೆ ಎರಡು ಪಟ್ಟು! ಖರ್ಚು ಕಳೆದ ಮೇಲೆ 20 ಅಂದರೆ ಮ್ಯಾನೇಜರ್‌ಗೆ 9,000, ನಿಮಗೂ ತಲಾ 9,000. ಐವರೂ ಸಮ. ಶುರುವಿನಲ್ಲಿರುವ ಬ್ಯಾಂಡಿಗೆ ಈ ಎರಡನೇ ಲೆಕ್ಕವೇ ಸರಿ ಅಂತ ನಾನು ಹೇಳುತ್ತೇನೆ. ನನ್ನ ಕಸುಬಿನವರೇ ಕೆಲವರು ಇದಕ್ಕೆ ಸಿಟ್ಟಾಗಬಹುದು, ಆಗಲಿ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಕಂಪನಿ ಕಾರ್ಯಕ್ರಮಗಳಲ್ಲಿ ಸಾಮಾನ್ಯವಾಗಿ ಶೇಕಡ 10 ಟಿಡಿಎಸ್, ಅಂದರೆ ಆದಾಯ ತೆರಿಗೆಯನ್ನು ಮೊದಲೇ, ಹಿಡಿದು ಕೊಡುತ್ತಾರೆ. 80,000ದಲ್ಲಿ 72,000 ಬರುತ್ತೆ. ಹಿಡಿದದ್ದು ಯಾರ ಪ್ಯಾನ್ ಮೇಲೆ? ಬಹಳ ಬ್ಯಾಂಡುಗಳಲ್ಲಿ ಮುಖ್ಯ ಗಾಯಕನ ಪ್ಯಾನ್ ಕೊಟ್ಟಿರುತ್ತಾರೆ. ವರ್ಷದ ಕೊನೆಗೆ ಪೂರ್ತಿ ಬ್ಯಾಂಡಿನ ಆದಾಯ ಅವನೊಬ್ಬನದು ಅಂತ ಕಾಣಿಸುತ್ತೆ. ಅವನ ಮನೆಯಲ್ಲಿ ಜಗಳ ಶುರು. ಪಾಲುದಾರಿಕೆ ಪತ್ರ ಮಾಡಿಸಿ, ಬ್ಯಾಂಡಿನ ಹೆಸರಲ್ಲೇ ಪ್ಯಾನ್, ಬ್ಯಾಂಕ್ ಖಾತೆ ತೆಗೆಸಿ.

ಒಪ್ಪಂದ ಒಂದು ವರ್ಷಕ್ಕೆ ಸಾಕು. ಬಿಟ್ಟು ಹೋದ ಮೇಲೂ ಮ್ಯಾನೇಜರ್ ತಾನು ಕುದುರಿಸಿದ ಕೆಲಸಕ್ಕೆ ಎಷ್ಟು ದಿನ ಪಾಲು ಪಡೆಯಬಹುದು ಅನ್ನುವುದನ್ನು ಈಗಲೇ ಬರೆಯಿರಿ. ಆರು ತಿಂಗಳು ಪೂರ್ತಿ, ಇನ್ನಾರು ತಿಂಗಳು ಅರ್ಧ, ಆಮೇಲೆ ಇಲ್ಲ. ನಾನು ಹೀಗೆ ಬರೆಸುತ್ತೇನೆ.

ಪ್ರಶ್ನೆ: ನಮ್ಮ ಹುಡುಗರು ಶಿಶುನಾಳ ಷರೀಫರ ಒಂದು ತತ್ವಪದ, ಬೇಂದ್ರೆಯವರ ಒಂದು ಕವನ ರೆಕಾರ್ಡ್ ಮಾಡಿ ಬಿಡುಗಡೆ ಮಾಡಬೇಕೆಂದಿದ್ದಾರೆ. ಹಳೇ ಹಾಡಲ್ವಾ, ಯಾರನ್ನೂ ಕೇಳಬೇಕಿಲ್ಲ ಅನ್ನುತ್ತಿದ್ದಾರೆ. ಹೌದಾ? (ಶಿವಮೊಗ್ಗದಿಂದ)

ಉತ್ತರ: ಅರ್ಧ ಹೌದು. ನಮ್ಮ ಕಾನೂನಿನಲ್ಲಿ ಬರೆದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತೆ. ಷರೀಫರು ತೀರಿಕೊಂಡದ್ದು 1889ರಲ್ಲಿ. ಸಾಹಿತ್ಯ ಎಲ್ಲರದ್ದು. ಆದರೆ ನಿಮ್ಮ ಹುಡುಗರು ಹಾಡುತ್ತಿರುವ ಧಾಟಿ ಯಾವುದು? ನಾವೆಲ್ಲ ಕ್ಯಾಸೆಟ್‌ನಲ್ಲಿ ಕೇಳಿ ಬೆಳೆದದ್ದು ಸಿ. ಅಶ್ವತ್ಥ್ ಅವರು ಹಾಕಿದ ರಾಗ. ಅವರು ಹೋದದ್ದು 2009ರಲ್ಲಿ. ಆ ರಾಗಸಂಯೋಜನೆಗೆ ಇನ್ನೂ ಹಕ್ಕಿದೆ. ಷರೀಫರ ಪದಕ್ಕೆ ಹುಡುಗರು ತಾವೇ ಹೊಸ ಧಾಟಿ ಕಟ್ಟಿದರೆ ತಕರಾರಿಲ್ಲ.

ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. 2041ರ ಕೊನೆಯವರೆಗೆ ಹಕ್ಕು ಇರುತ್ತೆ. ಕುವೆಂಪು ಅವರದ್ದು 2054ರ ಕೊನೆಯವರೆಗೆ. ಹಕ್ಕುಳ್ಳವರಿಂದ ಬರಹದಲ್ಲಿ ಅನುಮತಿ ಬೇಕು. ಪತ್ರ ಬರೆಯಲು ಅಂಜಬೇಡಿ. ನಾನು ಬರೆದ ಪತ್ರಗಳಿಗೆ ಹೆಚ್ಚಿನ ಕಡೆ ಮರ್ಯಾದೆಯ ಉತ್ತರವೇ ಬಂದಿದೆ. ಹೇಳದೆ ಯೂಟ್ಯೂಬ್‌ಗೆ ಹಾಕಿ, ಆಮೇಲೆ ಸಿಕ್ಕಿಬಿದ್ದು ಕೇಳುವಾಗ ಬರುವ ಉತ್ತರ ಬೇರೆ.

ಸ್ವಂತ ಹಾಡಾದರೆ ರೆಕಾರ್ಡಿಂಗ್ ಮುಗಿದ ದಿನವೇ ಒಂದು ಹಾಳೆಯಲ್ಲಿ ಸಾಹಿತ್ಯ ಯಾರದು, ರಾಗ ಯಾರದು, ಯಾರಿಗೆ ಶೇಕಡ ಎಷ್ಟು ಅಂತ ಬರೆದು ಎಲ್ಲರ ಸಹಿ ಹಾಕಿಸಿ. ಕಾಫಿ ಕುಡಿಯುತ್ತಾ ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸ. ಹಾಡು ಹಿಟ್ ಆದ ಮೇಲೆ ಹತ್ತು ವಕೀಲರಿಂದಲೂ ಮುಗಿಯದು. ಬರೆದವರು, ರಾಗ ಹಾಕಿದವರು, ಹಾಡು ಬಳಸಿದ್ದಕ್ಕೆ ಬರುವ ದುಡ್ಡನ್ನು (ರಾಯಲ್ಟಿ) ವಸೂಲಿ ಮಾಡಿಕೊಡುವ ಸಂಸ್ಥೆಯಾದ ಐಪಿಆರ್‌ಎಸ್ ಸದಸ್ಯರಾಗಲಿ. 2012ರ ತಿದ್ದುಪಡಿ ಆದ ಮೇಲೆ ಅವರ ರಾಯಲ್ಟಿ ಪಾಲನ್ನು ಯಾವ ಕಂಪನಿಯೂ ಬರೆಸಿಕೊಂಡು ಬಿಡುವಂತಿಲ್ಲ. ಹಕ್ಕು ಕೊಡುವ ಪತ್ರದಲ್ಲಿ ಎಷ್ಟು ವರ್ಷ ಅಂತ ಇಲ್ಲದಿದ್ದರೆ ಕಾನೂನು ಅದನ್ನು ಐದೇ ವರ್ಷ ಅಂತ ಓದುತ್ತೆ. ಯಾವ ಪ್ರದೇಶಕ್ಕೆ ಅಂತ ಇಲ್ಲದಿದ್ದರೆ ಭಾರತಕ್ಕೆ ಮಾತ್ರ. ಅದಕ್ಕೇ ಕಂಪನಿಯವರು "ಶಾಶ್ವತವಾಗಿ, ಜಗತ್ತಿನಾದ್ಯಂತ" ಅಂತ ಅಚ್ಚು ಹಾಕಿಸಿಯೇ ತಂದಿರುತ್ತಾರೆ. ಆ ಎರಡು ಪದಗಳ ಮೇಲೆ ಬೆರಳಿಟ್ಟು ಚೌಕಾಸಿ ಮಾಡಿ.

ಬಿಡುಗಡೆ ದಿನಕ್ಕೆ ಕನಿಷ್ಠ ಮೂರು ವಾರ ಮೊದಲೇ, ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ವಿತರಕರಿಗೆ ಕಳಿಸಿ. ಸ್ಪಾಟಿಫೈನವರ ಪ್ಲೇಲಿಸ್ಟ್‌ಗೆ ಪರಿಗಣಿಸಿ ಅಂತ ಕೇಳಲು ಕಡೇ ಪಕ್ಷ ಏಳು ದಿನ ಮೊದಲು ಅಲ್ಲಿ ಇರಬೇಕು. ಅಲ್ಲಿ 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ದುಡ್ಡೇ ಲೆಕ್ಕ ಹಾಕುವುದಿಲ್ಲ, ಅದೂ ತಿಳಿದಿರಲಿ. ಖಾತೆಯ ಇಮೇಲ್, ಪಾಸ್‌ವರ್ಡ್ ಬ್ಯಾಂಡಿನದ್ದಿರಲಿ, ನಿಮ್ಮ ಸ್ವಂತದ್ದು ಬೇಡ.

ಪ್ರಶ್ನೆ: ನನ್ನ ಮಗಳಿಗೆ 17. ಕರ್ನಾಟಕ ಸಂಗೀತ ಚೆನ್ನಾಗಿ ಹಾಡುತ್ತಾಳೆ. ಫೇಸ್‌ಬುಕ್‌ನಲ್ಲಿ ಪರಿಚಯವಾದ ಒಬ್ಬರು ಮ್ಯಾನೇಜರ್ ಆಗುತ್ತೇನೆ, ಪ್ರಚಾರಕ್ಕೆ ಮೊದಲು 50,000 ಕೊಡಿ ಅನ್ನುತ್ತಿದ್ದಾರೆ. (ಮೈಸೂರಿನಿಂದ)

ಉತ್ತರ: ಕೊಡಬೇಡಿ ಅಮ್ಮ. ಮ್ಯಾನೇಜರ್ ತೆಗೆದುಕೊಳ್ಳುವುದು ಕಲಾವಿದರು ದುಡಿದದ್ದರಲ್ಲಿ ಪಾಲು. ದುಡಿಯುವ ಮೊದಲೇ ಕೇಳುವವರ ಕಸುಬು ಬೇರೆ. 18 ತುಂಬದ ಮಗುವಿನ ಸಹಿ ಇರುವ ಒಪ್ಪಂದಕ್ಕೆ ಬೆಲೆಯೂ ಇಲ್ಲ. ಅವಳ ದಾರಿಯಲ್ಲಿ ಸದ್ಯಕ್ಕೆ ಮ್ಯಾನೇಜರ್ ಬೇಕಿಲ್ಲ. ಗುರುಗಳನ್ನು ಕೇಳಿ, ಆಕಾಶವಾಣಿ ಆಡಿಷನ್‌ಗೆ ತಯಾರಿ ಮಾಡಿಸಿ, ರಾಮನವಮಿ ಸಂಗೀತೋತ್ಸವ ನಡೆಸುವ ಸಭೆಗಳಿಗೆ ಒಂದು ಒಳ್ಳೆಯ ಧ್ವನಿಮುದ್ರಣದ ಜೊತೆ ಪತ್ರ ಬರೆಯಿರಿ. ಕಛೇರಿಗೆ ಕರೆ ಬಂದಾಗ ಡೇಟು, ದುಡ್ಡಿನ ಮಾತು ನೀವೇ ಆಡಿ. ಡೈರಿ ಸಾಲದಷ್ಟು ಕಛೇರಿ ಬಂದಾಗ ಮ್ಯಾನೇಜರ್ ಹುಡುಕೋಣ.

ಪ್ರಶ್ನೆ: ಜಾನಪದ ಗಾಯಕರೊಬ್ಬರ ಕಾರ್ಯಕ್ರಮ ನೋಡಿಕೊಳ್ಳುತ್ತೇನೆ. ಜಿಎಸ್‌ಟಿ ಕಟ್ಟಬೇಕಾ? (ಗದಗದಿಂದ)

ಉತ್ತರ: ಜಾನಪದ ಅಥವಾ ಶಾಸ್ತ್ರೀಯ ಸಂಗೀತ ಹಾಡುವ ಕಲಾವಿದರಿಗೆ ಒಂದು ಕಾರ್ಯಕ್ರಮದ ಸಂಭಾವನೆ ಒಂದೂವರೆ ಲಕ್ಷ ಮೀರದಿದ್ದರೆ ಜಿಎಸ್‌ಟಿ ಇಲ್ಲ. ಈ ವಿನಾಯಿತಿ ಅವರಿಗೆ, ನಿಮ್ಮ ಕಮಿಷನ್‌ಗೆ ಅಲ್ಲ. ನಿಮ್ಮ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿಯ ಗೊಡವೆ ಇಲ್ಲ. ಸಿನಿಮಾ ಹಾಡಿನ ಆರ್ಕೆಸ್ಟ್ರಾಗೆ ಈ ವಿನಾಯಿತಿ ಸಿಗಲ್ಲ, ಎರಡನ್ನೂ ಬೆರೆಸಿ ಬಿಲ್ ಮಾಡಬೇಡಿ.

ಪ್ರಶ್ನೆ: ಬ್ಯಾಂಡಿನಿಂದ ಮುಖ್ಯ ಗಾಯಕ ಹೊರಗೆ ಹೋದ. ಅದೇ ಹೆಸರಲ್ಲಿ ಬೇರೆ ತಂಡ ಕಟ್ಟಿಕೊಂಡು ಕಾರ್ಯಕ್ರಮ ಒಪ್ಪಿಕೊಳ್ಳುತ್ತಿದ್ದಾನೆ. ನಾನು ಎರಡು ವರ್ಷದಿಂದ ಮ್ಯಾನೇಜರ್. ಏನು ಮಾಡಲಿ? (ಬೆಂಗಳೂರಿನಿಂದ)

ಉತ್ತರ: ಮೊದಲು, ಈಗಾಗಲೇ ಅಡ್ವಾನ್ಸ್ ಕೊಟ್ಟಿರುವ ಸಂಘಟಕರಿಗೆ ಇವತ್ತೇ ಫೋನ್ ಮಾಡಿ. ಬೇರೆಯವರ ಬಾಯಿಂದ ತಿಳಿಯಬಾರದು. ಆ ಗಾಯಕನೇ ಬೇಕು ಅಂದವರಿಗೆ ದುಡ್ಡು ವಾಪಸ್ ಮಾಡಿ.

ಹೆಸರಿನ ವಿಷಯ. ಟ್ರೇಡ್‌ಮಾರ್ಕ್ ಮಾಡಿಸಿದ್ದೀರಾ? ಮನರಂಜನೆ ಸೇವೆ ಬರುವುದು 41ನೇ ವರ್ಗದಲ್ಲಿ. ವ್ಯಕ್ತಿಯ ಹೆಸರಲ್ಲಿ ಆನ್‌ಲೈನ್ ಅರ್ಜಿಗೆ ಒಂದು ವರ್ಗಕ್ಕೆ 4,500 ರೂಪಾಯಿ. ಮಾಡಿಸಿಲ್ಲದಿದ್ದರೂ ಮೊದಲಿನಿಂದ ಆ ಹೆಸರನ್ನು ಬಳಸಿದ್ದಕ್ಕೆ ಬೆಲೆ ಇದೆ. ಹಳೇ ಪೋಸ್ಟರು, ಬಿಲ್ಲು, ಬ್ಯಾಂಕ್ ಪಾಸ್‌ಬುಕ್ ಒಂದೆಡೆ ಜೋಡಿಸಿ ವಕೀಲರ ಹತ್ತಿರ ಹೋಗಿ. ಅದಕ್ಕೂ ಮೊದಲು ಆ ಹುಡುಗನ ಜೊತೆ ಒಂದು ಸಂಜೆ ಕೂತು ಮಾತಾಡಿ, ಉಳಿದವರನ್ನು ಬಿಟ್ಟು ನೀವೊಬ್ಬರೇ. ಎಷ್ಟೋ ಸಲ ಜಗಳ ಹೆಸರಿನದ್ದಾಗಿರುವುದಿಲ್ಲ, ಎರಡು ವರ್ಷದ ಹಿಂದಿನ ಯಾವುದೋ ಕಾರ್ಯಕ್ರಮದ ಬಾಕಿ ದುಡ್ಡಿನದ್ದಾಗಿರುತ್ತೆ. ಲೆಕ್ಕದ ಪುಸ್ತಕ ಜೊತೆಗೆ ಒಯ್ಯಿರಿ.