ಕೊನೆಯ ಪ್ರಶ್ನೆಯನ್ನು ಮೊದಲು ಬರೆಯಿರಿ: ಪಾಠ ಯೋಜನೆಯ ಬಗ್ಗೆ ಶಿಕ್ಷಕರ ಪ್ರಶ್ನೆಗಳು

ಆರನೇ ತರಗತಿಗೆ ಗಣಿತ ಕಲಿಸುತ್ತೇನೆ. ಪಾಠ ಯೋಜನೆಯನ್ನು 5ಇ ಮಾದರಿಯಲ್ಲೇ (ತೊಡಗಿಸುವುದು, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಎಂಬ ಐದು ಹಂತ) ಬರೆಯುತ್ತೇನೆ. ಭಿನ್ನರಾಶಿಗೆ ಕಾಗದ ಮಡಚಿಸಿ ಬಣ್ಣ ಹಚ್ಚಿಸಿದೆ, ಮಕ್ಕಳು ಖುಷಿಯಿಂದ ಮಾಡಿದರು. ಎರಡು ವಾರ ಬಿಟ್ಟು 1/2 + 1/3 ಕೊಟ್ಟರೆ ಅರ್ಧಕ್ಕರ್ಧ ಮಕ್ಕಳು 2/5 ಎಂದು ಬರೆದಿದ್ದಾರೆ. ಎಲ್ಲಿ ತಪ್ಪಿತು?
(ಶಿಕ್ಷಕಿ, ಹಾವೇರಿ ಜಿಲ್ಲೆ)

ಚಟುವಟಿಕೆ ಚೆನ್ನಾಗಿ ನಡೆಯಿತು ಅಂದಮಾತ್ರಕ್ಕೆ ಕಲಿಕೆ ಆಯಿತು ಎಂದಲ್ಲ. ಆ ಹೊತ್ತಿನಲ್ಲಿ ಮಗುವಿನ ತಲೆಯಲ್ಲಿ ಓಡುತ್ತಿದ್ದುದು ಏನು? ಮಡಿಕೆ ನೇರ ಬಂತೇ, ಬಣ್ಣ ಗೆರೆ ದಾಟಿತೇ ಎಂಬುದು. ಛೇದ ಬೇರೆ ಬೇರೆ ಇದ್ದಾಗ ನೇರವಾಗಿ ಏಕೆ ಕೂಡಿಸಬಾರದು ಎಂಬ ಪ್ರಶ್ನೆ ಅದಕ್ಕೆ ಒಮ್ಮೆಯೂ ಎದುರಾಗಲಿಲ್ಲ. ಎರಡರಲ್ಲಿ ಒಂದು, ಮೂರರಲ್ಲಿ ಒಂದು, ಒಟ್ಟು ಐದರಲ್ಲಿ ಎರಡು ಎಂಬ ಅದರ ಹಳೆಯ ತರ್ಕ ಹಾಗೇ ಉಳಿಯಿತು.

ಬೋಧನಾ ವಿನ್ಯಾಸದಲ್ಲಿ ಯೋಜನೆ ಕೊನೆಯಿಂದ ಆರಂಭದ ಕಡೆಗೆ ಸಾಗುತ್ತದೆ. ಪಾಠ ಮುಗಿದಾಗ ಮಗು ಉತ್ತರಿಸಬೇಕಾದ ಪ್ರಶ್ನೆಯನ್ನು ಮೊದಲು ಬರೆಯಿರಿ, ಚಟುವಟಿಕೆಯನ್ನು ಆಮೇಲೆ ಹುಡುಕಿ. ನಿಮ್ಮ ಪಾಠಕ್ಕೆ ಆ ಪ್ರಶ್ನೆ ಹೀಗಿರಬಹುದು: '3/4 + 1/3 = 4/7 ಎಂದು ಗೆಳೆಯ ಬರೆದಿದ್ದಾನೆ. ಲೆಕ್ಕ ಮಾಡದೆಯೇ ಇದು ತಪ್ಪೆಂದು ಹೇಗೆ ಹೇಳುವಿರಿ?' ಕೂಡಿಸಿ ಬಂದ 4/7, ಕೂಡಿಸುವ ಮೊದಲು ಇದ್ದ 3/4ಕ್ಕಿಂತಲೂ ಚಿಕ್ಕದು. ಇದನ್ನು ಮಗು ಹೇಳಬೇಕಾದರೆ ಉದ್ದಗಳನ್ನು ಹೋಲಿಸಿ ನೋಡಿರಬೇಕು. ಅಂದಮೇಲೆ ಚಟುವಟಿಕೆಯೂ ಉದ್ದ ಹೋಲಿಸುವಂಥದ್ದೇ ಆಗಬೇಕು, ಬಣ್ಣ ಹಚ್ಚುವಂಥದ್ದಲ್ಲ.

ಇಬ್ಬಿಬ್ಬರಿಗೆ 12 ಸೆಂ.ಮೀ. ಉದ್ದದ ಮೂರು ಕಾಗದದ ಪಟ್ಟಿ ಕೊಡಿ. ಒಂದರಿಂದ ಅರ್ಧ (6 ಸೆಂ.ಮೀ.), ಇನ್ನೊಂದರಿಂದ ಮೂರನೇ ಒಂದು ಭಾಗ (4 ಸೆಂ.ಮೀ.) ಕತ್ತರಿಸಿ, ಎರಡನ್ನೂ ಸಾಲಾಗಿ ಮೂರನೇ ಪಟ್ಟಿಯ ಮೇಲೆ ಇಡಿಸಿ. 10 ಸೆಂ.ಮೀ. ಮುಟ್ಟುತ್ತದೆ. ಇದು ಇಡೀ ಪಟ್ಟಿಯ ಎಷ್ಟು ಭಾಗ? ಅರ್ಧದ ತುಂಡಿನಿಂದ ಅಳೆದರೆ ಸರಿಹೊಂದುವುದಿಲ್ಲ, ಮೂರನೇ ಭಾಗದ ತುಂಡಿನಿಂದ ಅಳೆದರೆ 2 ಸೆಂ.ಮೀ. ಮಿಗುತ್ತದೆ. ಇಲ್ಲಿ ನಿಲ್ಲಿಸಿ. ಎರಡನ್ನೂ ಮಿಗದಂತೆ ಅಳೆಯುವ ತುಂಡು ಯಾವುದು ಎಂದು ಕೇಳಿ ಸುಮ್ಮನಿರಿ. ಉತ್ತರವನ್ನು ನೀವೇ ಹೇಳಿಬಿಟ್ಟರೆ ಚಟುವಟಿಕೆಯ ಸಾರವೇ ಹೋಯಿತು. 2 ಸೆಂ.ಮೀ. ತುಂಡು, ಅಂದರೆ ಆರನೇ ಒಂದು ಭಾಗ, ಐದು ಸಲ ಕೂರುತ್ತದೆ: 5/6. ಆಮೇಲೆ 2/5 ಎಷ್ಟು ಉದ್ದ ಎಂದು ಅಳೆಸಿ. 4.8 ಸೆಂ.ಮೀ., ಅರ್ಧದ ತುಂಡಿಗಿಂತಲೂ ಗಿಡ್ಡ.

40 ನಿಮಿಷದ ಅವಧಿಯಲ್ಲಿ ಇದಕ್ಕೆ 12 ನಿಮಿಷ ಸಾಕು. ಪಟ್ಟಿಗಳನ್ನೂ ತುಂಡುಗಳನ್ನೂ ಮೊದಲೇ ಕತ್ತರಿಸಿಟ್ಟುಕೊಳ್ಳಿ. ತರಗತಿಯಲ್ಲಿ ಕತ್ತರಿಸಲು ಕೂತರೆ ಅವಧಿಯೇ ಮುಗಿದೀತು. ಶುರುವಿನ 5 ನಿಮಿಷ ಸಮಾನ ಭಿನ್ನರಾಶಿಯ ಮೂರು ಹಳೆಯ ಪ್ರಶ್ನೆಗಳಿಗೆ. ಪಟ್ಟಿಯ ನಂತರ 8 ನಿಮಿಷ ಕಪ್ಪುಹಲಗೆಯ ಮೇಲೆ ಬಿಡಿಸಿದ ಲೆಕ್ಕಗಳಿಗೆ: ಮೊದಲನೆಯದು ಪೂರ್ತಿ ಬಿಡಿಸಿದ್ದು, ಎರಡನೆಯದರಲ್ಲಿ ಕೊನೆಯ ಹಂತ ಖಾಲಿ, ಮೂರನೆಯದರಲ್ಲಿ ಕೊನೆಯ ಎರಡು ಹಂತ ಖಾಲಿ. ಒಂದು ಲೆಕ್ಕ ತೋರಿಸಿ 'ಇನ್ನು ಹತ್ತು ನೀವೇ ಮಾಡಿ' ಎಂದರೆ ಹಿಂದಿನ ಬೆಂಚು ಅಲ್ಲೇ ಕೈಬಿಡುತ್ತದೆ. ನಂತರ 10 ನಿಮಿಷ ಸ್ವಂತ ಅಭ್ಯಾಸ, ಉಳಿದ 5 ನಿಮಿಷ ಒಂದು ಚೀಟಿಗೆ. ಚೀಟಿಯ ಪ್ರಶ್ನೆ 1/4 + 1/3, ಆಯ್ಕೆಗಳು 2/7, 2/12, 1/12, 7/12.

ತಪ್ಪು ಆಯ್ಕೆಗಳನ್ನು ಸುಮ್ಮನೆ ತುಂಬಿದ್ದಲ್ಲ. 2/7 ಎಂದವರು ಮೇಲೆ ಕೆಳಗೆ ಕೂಡಿಸಿದ್ದಾರೆ, ಅವರಿಗೆ ಮತ್ತೆ ಪಟ್ಟಿಯೇ ಬೇಕು. 2/12 ಎಂದವರಿಗೆ ಸಮಾನ ಛೇದ ಗೊತ್ತು, ಅಂಶವನ್ನು ಬದಲಿಸಲು ಮರೆತಿದ್ದಾರೆ. ಎರಡು ಲೆಕ್ಕದಲ್ಲಿ ಸರಿಹೋಗುತ್ತದೆ. 1/12 ಎಂದವರು ಗುಣಾಕಾರದ ನಿಯಮ ಹಾಕಿದ್ದಾರೆ. ಚೀಟಿಗಳನ್ನು ಗುಂಪು ಮಾಡಲು ಐದು ನಿಮಿಷವೂ ಬೇಡ, ಮರುದಿನದ ಪಾಠ ಎಲ್ಲಿಂದ ಶುರು ಎಂಬುದು ಅಲ್ಲೇ ತಿಳಿಯುತ್ತದೆ. ಅಂಕ ಕೊಡಬೇಡಿ. ಅಂಕ ಬಂತೆಂದರೆ ಪಕ್ಕದವರ ಚೀಟಿ ನೋಡುವುದು ಶುರುವಾಗುತ್ತದೆ.

ಇನ್ನು ಎರಡು ವಾರದ ಮರೆವು. ಕಲಿತದ್ದು ಮೊದಲ ದಿನಗಳಲ್ಲೇ ವೇಗವಾಗಿ ಮಾಸುತ್ತದೆ ಎಂಬುದನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು. 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ ನಡೆಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಕೇಳಿದಾಗ ಪಾಠವನ್ನು ಮತ್ತೆ ಓದಿದವರು ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಮುಂದಿದ್ದರು. ಹಾಗಾಗಿ ಇದೇ ಬಗೆಯ ಒಂದು ಪ್ರಶ್ನೆಯನ್ನು ಎರಡು ದಿನ, ಒಂದು ವಾರ, ಮೂರು ವಾರ ಬಿಟ್ಟು ಆರಂಭದ 5 ನಿಮಿಷದಲ್ಲಿ ಸೇರಿಸಿ. 5ಇ ಬಿಡಬೇಕಿಲ್ಲ. ಆದರೆ ಐದನೆಯ 'ಮೌಲ್ಯಮಾಪನ'ದ ಕಾಲಂ ಅನ್ನು ಮೊದಲು ತುಂಬಿ.

'ವಿದ್ಯಾರ್ಥಿಗಳು ಸಂಧಿಗಳನ್ನು ಅರ್ಥಮಾಡಿಕೊಳ್ಳುವರು' ಎಂದು ಉದ್ದೇಶ ಬರೆದರೆ ಅಸ್ಪಷ್ಟ ಎನ್ನುತ್ತಾರೆ. 'ವಿಶ್ಲೇಷಿಸುವರು' ಎಂದು ತಿದ್ದಿದರೆ ಸಾಕೇ?
(ಪ್ರೌಢಶಾಲಾ ಕನ್ನಡ ಶಿಕ್ಷಕ, ತುಮಕೂರು)

ಸಾಲದು. ಶಿಕ್ಷಣ ಮನಶ್ಶಾಸ್ತ್ರಜ್ಞ ಬ್ಲೂಮ್ ಅವರು ಕಲಿಕೆಯ ಉದ್ದೇಶಗಳಿಗೆ ಮಾಡಿದ 1956ರ ವರ್ಗೀಕರಣ, 2001ರಲ್ಲಿ ಪರಿಷ್ಕೃತವಾದದ್ದು, ಆರು ಹಂತ ಕೊಡುತ್ತದೆ: ನೆನಪಿಸಿಕೊಳ್ಳುವುದು, ಅರ್ಥೈಸುವುದು, ಅನ್ವಯಿಸುವುದು, ವಿಶ್ಲೇಷಿಸುವುದು, ಮೌಲ್ಯ ನಿರ್ಣಯಿಸುವುದು, ಸೃಷ್ಟಿಸುವುದು. ಕ್ರಿಯಾಪದ ಬದಲಾದೊಡನೆ ಹಂತ ಬದಲಾಗುವುದಿಲ್ಲ. 'ವಿಶ್ಲೇಷಿಸಿ' ಎಂದು ಕೇಳಿದ ಪ್ರಶ್ನೆಗೆ ಉತ್ತರವನ್ನು ನೀವೇ ನೋಟ್ಸಿನಲ್ಲಿ ಬರೆಸಿದ್ದರೆ ಅದು ಬರೀ ನೆನಪಿನ ಪರೀಕ್ಷೆ.

ಉದ್ದೇಶ ಬರೆಯುವುದರ ಬಗ್ಗೆ ಅಮೆರಿಕದ ರಾಬರ್ಟ್ ಮೇಗರ್ 1962ರಲ್ಲಿ ಹೇಳಿದ ಮೂರು ಅಂಶ ಇಂದಿಗೂ ಕೆಲಸಕ್ಕೆ ಬರುತ್ತವೆ: ಮಗು ಏನು ಮಾಡಿ ತೋರಿಸುತ್ತದೆ, ಯಾವ ಸ್ಥಿತಿಯಲ್ಲಿ, ಎಷ್ಟರಮಟ್ಟಿಗೆ. ಉದಾಹರಣೆಗೆ, 'ಪಾಠದಲ್ಲಿ ಬಾರದ 10 ಪದ ಕೊಟ್ಟಾಗ ಕನಿಷ್ಠ 8ನ್ನು ಬಿಡಿಸಿ ಬರೆದು, ಸಂಧಿಯ ಹೆಸರನ್ನು ಕಾರಣ ಸಹಿತ ಹೇಳುವರು.' ಇಲ್ಲಿ ಮುಖ್ಯವಾದದ್ದು 'ಪಾಠದಲ್ಲಿ ಬಾರದ' ಎಂಬ ಮಾತು. 'ಮಳೆಗಾಲ' ಆದೇಶಸಂಧಿ ಎಂದು ಕಲಿಸಿ 'ಮಳೆಗಾಲ'ವನ್ನೇ ಕೇಳಿದರೆ ಕಂಠಪಾಠಕ್ಕೆ ಅಂಕ. 'ಚಳಿಗಾಲ' ಕೇಳಿದರೂ ಹೆಚ್ಚು ವ್ಯತ್ಯಾಸವಿಲ್ಲ. 'ಬೆಟ್ಟದಾವರೆ' ಕೇಳಿ, ತಕಾರಕ್ಕೆ ದಕಾರ ಬಂದದ್ದನ್ನು ಗುರುತಿಸಿದ ಮಗುವಿಗೆ ನಿಯಮ ದಕ್ಕಿದೆ. ಜೊತೆಗೆ 'ಮನೆಯನ್ನು', 'ಗುರುವನ್ನು', 'ಊರೂರು' ಕಲಸಿ ಕೊಡಿ. ಒಂದೇ ಸಂಧಿಯ ಪದಗಳನ್ನು ಒಟ್ಟಿಗೆ ಕೊಟ್ಟರೆ ಮಗು ಪದವನ್ನು ನೋಡದೆಯೇ ಉತ್ತರ ಬರೆಯುತ್ತದೆ.

ಸ್ಮಾರ್ಟ್ ಬೋರ್ಡ್ ಬಂದಮೇಲೆ ಪಿಪಿಟಿ ಮಾಡಿ ತೋರಿಸುತ್ತಿದ್ದೇನೆ. ಮಕ್ಕಳು ಮೊದಲಿಗಿಂತ ಬೇಗ ದಣಿಯುತ್ತಾರೆ.
(ವಿಜ್ಞಾನ ಶಿಕ್ಷಕಿ, ಕಲಬುರಗಿ)

ಪರದೆಯ ತುಂಬ ವಾಕ್ಯ ಹಾಕಿ ಅದನ್ನೇ ಗಟ್ಟಿಯಾಗಿ ಓದುತ್ತಿದ್ದರೆ ಅದೇ ಕಾರಣ. ಮಗು ತನ್ನ ವೇಗದಲ್ಲಿ ಓದುತ್ತದೆ, ನಿಮ್ಮ ದನಿ ಬೇರೆ ವೇಗದಲ್ಲಿ ಬರುತ್ತದೆ, ಎರಡೂ ಒಂದಕ್ಕೊಂದು ಅಡ್ಡ. ಹೊಸ ವಿಷಯವನ್ನು ಒಂದೇ ಹೊತ್ತಿಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ ತೀರಾ ಸೀಮಿತ ಎಂಬುದೇ ಮನಶ್ಶಾಸ್ತ್ರಜ್ಞ ಜಾನ್ ಸ್ವೆಲ್ಲರ್ 1988ರಲ್ಲಿ ಮಂಡಿಸಿದ ಜ್ಞಾನಾತ್ಮಕ ಹೊರೆಯ ಸಿದ್ಧಾಂತದ ಬುನಾದಿ.

ಹೃದಯದ ಪಾಠಕ್ಕೆ ಚಿತ್ರ ಮಾತ್ರ ಹಾಕಿ, ವಿವರಣೆ ಬಾಯಲ್ಲಿ ಕೊಡಿ. ಭಾಗಗಳಿಗೆ 1, 2, 3 ಎಂದು ಅಂಕಿ ಕೊಟ್ಟು ಹೆಸರುಗಳನ್ನು ಕೆಳಗೆ ಪಟ್ಟಿ ಮಾಡಬೇಡಿ. 'ಬಲ ಹೃತ್ಕರ್ಣ' ಎಂಬುದು ಆ ಭಾಗದ ಮೇಲೆಯೇ ಇರಲಿ. ಮೊದಲು ನಾಲ್ಕು ಕೋಣೆ, ಮುಂದಿನ ಪುಟದಲ್ಲಿ ಕವಾಟ, ಆಮೇಲೆ ರಕ್ತದ ದಾರಿ. ಮೂಲೆಯಲ್ಲಿ ಕುಣಿಯುವ ಗೊಂಬೆಯನ್ನು ತೆಗೆದುಹಾಕಿ.

ಆ್ಯಡಿ ಎಂಬ ಐದು ಹಂತದ ಬೋಧನಾ ವಿನ್ಯಾಸದ ಮಾದರಿ ಶಾಲಾ ಶಿಕ್ಷಕರಿಗೂ ಬೇಕೇ?
(ತರಬೇತಿಯಲ್ಲಿರುವ ಬಿ.ಇಡಿ. ವಿದ್ಯಾರ್ಥಿ, ಶಿವಮೊಗ್ಗ)

ಅದು 1975ರಲ್ಲಿ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯ ಅಮೆರಿಕದ ಸೇನೆಯ ತರಬೇತಿಗೆಂದು ರೂಪಿಸಿದ ಕ್ರಮದಿಂದ ಬೆಳೆದದ್ದು: ವಿಶ್ಲೇಷಣೆ, ವಿನ್ಯಾಸ, ತಯಾರಿ, ಜಾರಿ, ಮೌಲ್ಯಮಾಪನ. ದಿನಕ್ಕೆ ಐದಾರು ಅವಧಿ ತೆಗೆದುಕೊಳ್ಳುವವರು ಪ್ರತಿ ಪಾಠಕ್ಕೂ ಇದನ್ನು ಪೂರ್ತಿ ಮಾಡಲಾಗದು, ಮಾಡಬೇಕಾಗಿಯೂ ಇಲ್ಲ. ಘಟಕ ಯೋಜನೆಗೆ ಬಳಸಿ. ಹೆಚ್ಚಿನವರು ಬಿಟ್ಟುಬಿಡುವುದು ಕೊನೆಯ ಹಂತವನ್ನು. ಪಾಠ ಮುಗಿದ ದಿನವೇ ಯೋಜನೆಯ ಅಂಚಿನಲ್ಲಿ ಎರಡು ಸಾಲು ಬರೆದಿಡಿ: ಯಾವ ಪ್ರಶ್ನೆಗೆ ಹೆಚ್ಚು ಮಕ್ಕಳು ತಪ್ಪಿದರು, ಯಾವುದಕ್ಕೆ ಅಂದುಕೊಂಡದ್ದಕ್ಕಿಂತ ಹೆಚ್ಚು ಸಮಯ ಹಿಡಿಯಿತು. ಮುಂದಿನ ವರ್ಷ ಯೋಜನೆಯನ್ನು ನಕಲು ಮಾಡುವ ಮೊದಲು ಆ ಎರಡು ಸಾಲನ್ನು ಓದಿ.