ಹಾ ಲಾಂಗ್ ಕೊಲ್ಲಿಗೆ ಒಂದು ರಾತ್ರಿ ಸಾಕಾ?

ಜನವರಿಯಲ್ಲಿ ಒಬ್ಬರೇ ಹೋಗುತ್ತಿದ್ದೀರಿ, ವಿಯೆಟ್ನಾಂನ ಹನೋಯ್‌ನಿಂದ ಹಾ ಲಾಂಗ್ ಕೊಲ್ಲಿಯ ಗುಂಪಿನ ಬೋಟ್ ಟೂರಿಗೆ ಒಂದು ರಾತ್ರಿ ಸಾಕಾ, ಸಸ್ಯಾಹಾರ ಸಿಗುತ್ತಾ ಅಂತ ಕೇಳಿದ್ದೀರಿ.

ಪುರುಸೊತ್ತಿದ್ದರೆ ಎರಡು ರಾತ್ರಿ ಇರಿ. ಒಂದು ರಾತ್ರಿಯ ಟೂರಿನಲ್ಲಿ ಮಧ್ಯಾಹ್ನ ಹತ್ತಿಸಿಕೊಂಡು ಮರುದಿನ ಊಟದ ಹೊತ್ತಿಗೆ ಇಳಿಸಿಬಿಡುತ್ತಾರೆ. ಅಷ್ಟರಲ್ಲೇ ಸುಂಗ್ ಸೋಟ್ ಗುಹೆ, ಟಿ ಟಾಪ್ ದ್ವೀಪದ ನಾನೂರಕ್ಕೂ ಜಾಸ್ತಿ ಮೆಟ್ಟಿಲು, ಕಯಾಕ್ ಎಲ್ಲ ಮುಗಿಯಬೇಕು. ಗುಹೆ ಹತ್ತಿರ ನಾಲ್ಕಾರು ಬೋಟಿನವರು ಒಟ್ಟಿಗೆ ಇಳಿದರೆ ಜಾತ್ರೆಯೇ ಸರಿ. ಅದು ಬೇಡ ಅಂದರೆ ಕಾಟ್ ಬಾ ದ್ವೀಪದ ಪಕ್ಕದ ಲಾನ್ ಹಾ ಕೊಲ್ಲಿಗೆ ಹೋಗುವ ಬೋಟು ಹುಡುಕಿ. ಅದೇ ಸುಣ್ಣಕಲ್ಲಿನ ಗುಡ್ಡಗಳು, ಗದ್ದಲ ಕಮ್ಮಿ. ಹಾ ಲಾಂಗ್ 1994ರಲ್ಲೇ ಯುನೆಸ್ಕೋ ಪಟ್ಟಿ ಸೇರಿತ್ತು, 2023ರಲ್ಲಿ ಕಾಟ್ ಬಾ ದ್ವೀಪಗಳನ್ನೂ ಸೇರಿಸಿದರು.

ಊಟದ್ದೇ ಸ್ವಲ್ಪ ತಲೆನೋವು. ಬರೀ ಸೊಪ್ಪಿನ ಪಲ್ಯ ಅಂತ ತಂದಿಟ್ಟರೂ ಅದಕ್ಕೆ ಮೀನಿನ ಸಾಸ್ ಬಿದ್ದಿರಬಹುದು. ಬುಕ್ ಮಾಡುವಾಗ ಹೇಳಿ, ಬೋಟು ಹತ್ತಿದ ಮೇಲೆ ಅಡುಗೆಯವರಿಗೂ ಇನ್ನೊಮ್ಮೆ ಹೇಳಿ. ಚಟ್ನಿಪುಡಿ ಜೊತೆಗಿದ್ದರೆ ನಷ್ಟವೇನಿಲ್ಲ, ಅಲ್ವಾ?

ಒಬ್ಬರಿಗೇ ಕ್ಯಾಬಿನ್ ಬೇಕಾದರೆ ದುಡ್ಡು ಜಾಸ್ತಿ, ಇಲ್ಲದಿದ್ದರೆ ಅಪರಿಚಿತರ ಜೊತೆ ಕ್ಯಾಬಿನ್ ಹಂಚಿಕೊಳ್ಳಬೇಕು. ಮೊದಲೇ ಕೇಳಿಕೊಳ್ಳಿ. ಜನವರಿಯಲ್ಲಿ ಮಂಜು, ಚಳಿ ಇರುತ್ತೆ, ಈಜು ಮರೆತುಬಿಡಿ. ಟೂರು ಮುಗಿದ ದಿನವೇ ವಿಮಾನ ಇಟ್ಟುಕೊಳ್ಳಬೇಡಿ. ಹವಾ ಕೆಟ್ಟರೆ ಬಂದರಿನವರು ಬೋಟು ಬಿಡುವುದಿಲ್ಲ.