ಕಲ್ಲಿದ್ದಲು ಉರಿಯುವಾಗಲೇ ಗಂಧಕ ಹಿಡಿಯುವುದು ಹೇಗೆ?

ಪ್ರಶ್ನೆ: ಫ್ಲೂಯಿಡೈಸ್ಡ್ ಬೆಡ್ ಬಾಯ್ಲರಿನಲ್ಲಿ ಕಲ್ಲಿದ್ದಲಿನ ಗಂಧಕವನ್ನು ಒಲೆಯೊಳಗೇ ಹಿಡಿಯುತ್ತಾರಂತೆ. ಇದು ಹೇಗೆ? ಇಂಥ ಬಾಯ್ಲರ್ ಹಾಕಿದರೆ ಹೊಗೆಯ ಚಿಂತೆ ಮುಗಿಯಿತಾ?

ಉತ್ತರ: ಹಿಡಿಯಬಹುದು, ನಿಜ. ಚಿಂತೆ ಮಾತ್ರ ಪೂರ್ತಿ ಮುಗಿಯುವುದಿಲ್ಲ.

ತಳದಲ್ಲಿ ಸಣ್ಣ ತೂತುಗಳಿರುವ ಪೆಟ್ಟಿಗೆಯಲ್ಲಿ ಮರಳು ತುಂಬಿದೆ ಅಂದುಕೊಳ್ಳಿ. ಕೆಳಗಿನಿಂದ ಗಾಳಿ ಊದುತ್ತಾ ಹೋದರೆ, ಒಂದು ಹಂತದಲ್ಲಿ ಮರಳು ಮೇಲೆದ್ದು ನೀರಿನ ಹಾಗೆ ಕುದಿಯತೊಡಗುತ್ತದೆ. ಇದೇ ಆ ‘ಬೆಡ್’. ಇದರಲ್ಲಿ ಕಲ್ಲಿದ್ದಲು ಸಾಮಾನ್ಯವಾಗಿ ಶೇ 5ಕ್ಕಿಂತ ಕಡಿಮೆ. ಉಳಿದದ್ದೆಲ್ಲ ಕಾದ ಮರಳು, ಬೂದಿ, ಸುಣ್ಣದಕಲ್ಲು. ಎಲ್ಲವೂ ಸದಾ ಕಲಸಿಕೊಳ್ಳುತ್ತಿರುವುದರಿಂದ ಸುಮಾರು 850 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕಲ್ಲಿದ್ದಲು ಚೆನ್ನಾಗಿ ಉರಿಯುತ್ತದೆ.

ನನ್ನ ಪ್ರಕಾರ ಇಡೀ ವಿಧಾನದ ಜೀವ ಇರುವುದು ಈ 850ರಲ್ಲಿ. ಆ ಬಿಸಿಗೆ ಸುಣ್ಣದಕಲ್ಲು ಸುಟ್ಟ ಸುಣ್ಣವಾಗುತ್ತದೆ. ಗಂಧಕ ಉರಿದು ಹುಟ್ಟುವ ಸಲ್ಫರ್ ಡೈಆಕ್ಸೈಡನ್ನು ಆ ಸುಣ್ಣ ಹೀರಿಕೊಂಡು ಕ್ಯಾಲ್ಸಿಯಂ ಸಲ್ಫೇಟ್ ಆಗುತ್ತದೆ. ಅನಿಲವಾಗಿ ಹಾರಿಹೋಗಬೇಕಿದ್ದದ್ದು ಬೂದಿಯ ಜೊತೆ ಉಳಿಯಿತು, ಅಲ್ವಾ? ಚೆನ್ನಾಗಿ ನಡೆಸಿದರೆ ಶೇ 90ರಷ್ಟು ಗಂಧಕ ಹೀಗೆ ಸಿಗುತ್ತದೆ. ಬಿಸಿ 900 ಡಿಗ್ರಿ ದಾಟಿ ಏರುತ್ತಾ ಹೋದರೆ ಈ ಹಿಡಿತ ಸಡಿಲವಾಗುತ್ತದೆ.

ಅದೇ ಬಿಸಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಕಲ್ಲಿದ್ದಲಿನ ಪುಡಿ ಉರಿಸುವ ಮಾಮೂಲಿ ಬಾಯ್ಲರಿನ ಜ್ವಾಲೆ 1400 ಡಿಗ್ರಿಗೂ ಜಾಸ್ತಿ ಕಾಯುತ್ತದೆ. ಅಲ್ಲಿ ಗಾಳಿಯಲ್ಲಿರುವ ನೈಟ್ರೋಜನ್ನೇ ಉರಿದು ನೈಟ್ರೋಜನ್ ಆಕ್ಸೈಡ್ ಎಂಬ ವಿಷಾನಿಲ ಆಗುತ್ತದೆ. 850ರಲ್ಲಿ ಅದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಕಲ್ಲಿದ್ದಲಿನೊಳಗಿನ ನೈಟ್ರೋಜನ್‌ನಿಂದ ಬರುವ ಪಾಲು ಉಳಿಯುತ್ತದೆ. ಗಾಳಿಯನ್ನು ಹಂತಹಂತವಾಗಿ ಬಿಟ್ಟು ಅದನ್ನೂ ತಗ್ಗಿಸುತ್ತಾರೆ.

ಸುಣ್ಣದಕಲ್ಲು ಎಷ್ಟು ಬೇಕು? ಲೆಕ್ಕದ ಪ್ರಕಾರ 1 ಕಿಲೋ ಗಂಧಕಕ್ಕೆ ಸುಮಾರು 3 ಕಿಲೋ. ಆದರೆ ಸುಣ್ಣದ ಕಣದ ಹೊರಮೈ ಮೊದಲೇ ಮುಚ್ಚಿಹೋಗುತ್ತದೆ, ಒಳಗಿನದು ಸುಮ್ನೆ ಉಳಿಯುತ್ತದೆ. ಹಾಗಾಗಿ ಅದರ ಎರಡು ಪಟ್ಟೋ ಇನ್ನೂ ಹೆಚ್ಚೋ ಹಾಕಬೇಕಾಗುತ್ತದೆ. ಕಣಗಳನ್ನು (ಹೊಗೆಯನ್ನು ಸುಳಿಯಂತೆ ತಿರುಗಿಸಿ ಕಣ ಬೇರ್ಪಡಿಸುವ) ಸೈಕ್ಲೋನ್‌ನಲ್ಲಿ ಹಿಡಿದು ಮತ್ತೆ ಒಲೆಗೆ ಕಳಿಸುವ ಸರ್ಕ್ಯುಲೇಟಿಂಗ್ ಬಾಯ್ಲರಿನಲ್ಲಿ ಸುಣ್ಣ ಕಡಿಮೆ ಸಾಕು.

ಇನ್ನು ಇದರಿಂದ ಆಗದ ಕೆಲಸ. ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗುವುದಿಲ್ಲ. ಸುಣ್ಣದಕಲ್ಲು ಸುಡುವಾಗ ಇನ್ನಷ್ಟು ಸೇರಿಕೊಳ್ಳುತ್ತದೆ. ಭೂಮಿಯನ್ನು ಬಿಸಿಮಾಡುವ ನೈಟ್ರಸ್ ಆಕ್ಸೈಡ್ (ಮೇಲೆ ಹೇಳಿದ ನೈಟ್ರೋಜನ್ ಆಕ್ಸೈಡ್ ಅಲ್ಲ, ಬೇರೆ ಅನಿಲ) ಮಾಮೂಲಿ ಬಾಯ್ಲರಿಗಿಂತ ಇಲ್ಲಿ ಜಾಸ್ತಿ ಹೊರಡುತ್ತದೆ. ಇದನ್ನು ‘ಶುದ್ಧ ಕಲ್ಲಿದ್ದಲು’ ಎಂದು ಕರೆಯಲು ನನಗೆ ಮನಸ್ಸು ಬಾರದಿರುವುದು ಇದಕ್ಕೇ. ಹಾರುಬೂದಿ ತಡೆಯಲು ಬಟ್ಟೆಚೀಲದ ಫಿಲ್ಟರೋ ವಿದ್ಯುತ್ ಫಿಲ್ಟರೋ ಇರಲೇಬೇಕು. ಬೂದಿಯೂ ಜಾಸ್ತಿ ಬರುತ್ತದೆ. ಅದರಲ್ಲಿ ಸುಟ್ಟ ಸುಣ್ಣ ಉಳಿದಿರುವುದರಿಂದ ನೀರು ತಾಗಿದರೆ ಬಿಸಿಯೇಳುತ್ತದೆ. ಬೂದಿ ಸುರಿಯುವ ಜಾಗವನ್ನು ಇದನ್ನು ಗಮನದಲ್ಲಿಟ್ಟೇ ಆರಿಸಬೇಕು.